ವರದಿ ನನ್ನದು, ದನಿ ಇನ್ನೊಬ್ಬರದು

ಬೆಳಗಾವಿಯವರಿಗೆ 1924 ಅಂದ್ರೆ ಒಂದೇ ನೆನಪು. ಆ ಡಿಸೆಂಬರ್‌ನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು, ಗಾಂಧೀಜಿ ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಟಿಳಕವಾಡಿಯಲ್ಲಿ ಆಗ ತೋಡಿದ ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ.

ಅದೇ ಗಾಂಧೀಜಿ ಲಂಡನ್ನಿನಲ್ಲಿ ಓದುವಾಗ ಸಭೆಯಲ್ಲಿ ಬಾಯಿ ಬಿಡೋಕೆ ಹೆದರುತ್ತಿದ್ದರು. ಸಸ್ಯಾಹಾರಿಗಳ ಸಂಘದ ಸಮಿತಿಗೆ ಒಮ್ಮೆ ತಮ್ಮ ಅಭಿಪ್ರಾಯ ಬರೆದುಕೊಂಡು ಹೋದರು, ಓದಲು ಧೈರ್ಯ ಬರಲಿಲ್ಲ. ಕೊನೆಗೆ ಬೇರೆಯವರು ಓದಿದರು. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಈ ಪ್ರಸಂಗ ನನಗೆ ಚುಚ್ಚೋದಕ್ಕೆ ಕಾರಣ ಉಂಟು. ನಾನು ಖಾನಾಪುರದಿಂದ ದಿನಾ ಬಸ್ಸು ಹಿಡಿದು ಉದ್ಯಮಬಾಗಕ್ಕೆ ಬರುವ ಇಂಜಿನಿಯರ್. ಮನೆಯಲ್ಲಿ ಆಯಿ ಜೊತೆ ಮರಾಠಿ, ಓದಿದ್ದು ಕನ್ನಡ ಶಾಲೆ, ಫೌಂಡ್ರಿಯಲ್ಲಿ ಎರಡೂ ಕಲಸಿದ ಭಾಷೆ. ಅಲ್ಲಿನ ಗದ್ದಲದಾಗ ಕೂಗಿ ಕೂಗಿ ಗಂಟಲು ಪಳಗಿದೆ. ಆದರೆ ಕಸ್ಟಮರ್ ಆಡಿಟ್‌ಗೆ ಬಂದ ದಿನ ಕಥೆಯೇ ಬೇರೆ. ಎರಕದಲ್ಲಿ ಬ್ಲೋಹೋಲ್ ಯಾಕೆ ಬರ್ತಿತ್ತು, ಮರಳಿನ ತೇವ ಇಳಿಸಿದ ಮೇಲೆ ಹೇಗೆ ನಿಂತಿತು, ಮೂರು ತಿಂಗಳು ಹುಡುಕಿದ್ದು ನಾನು. ಸ್ಲೈಡ್ ಮಾಡಿದ್ದೂ ನಾನು. ಎದ್ದು ನಿಂತು ಹೇಳಿದ್ದು ಮಾತ್ರ ಇಂಗ್ಲಿಷ್ ಹರಿಯುವ ಇನ್ನೊಬ್ಬರು. ಪ್ರಶ್ನೆ ಬಂದಾಗ ಅವರು ನನ್ನ ಕಡೆ ಬಗ್ಗಿದರು. ನಾನು ಪಿಸುಗುಟ್ಟಿದೆ, ಅವರು ಗಟ್ಟಿಯಾಗಿ ಹೇಳಿದರು. ಆ ವರ್ಷ ಬಡ್ತಿ ಯಾರಿಗಾಯಿತು ಅಂತ ಬೇರೆ ಹೇಳಬೇಕೇನ್ರೀ?

ಆಮೇಲೆ ಸೇರಿದ್ದು ಟೋಸ್ಟ್‌ಮಾಸ್ಟರ್ಸ್ ಕ್ಲಬ್. ಹೆಸರು ಕೇಳಿ ಬ್ರೆಡ್ಡು ನೆನಪಾದರೆ ತಪ್ಪಿಲ್ಲ, ನನಗೂ ಹಾಗೇ ಆಯಿತು. ಇದೂ 1924ರ ಕೂಸೇ. ಬೆಳಗಾವಿ ಅಧಿವೇಶನಕ್ಕೆ ಎರಡು ತಿಂಗಳು ಮೊದಲು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬಾತ ಶುರು ಮಾಡಿದ.

ಇಲ್ಲಿ ಉಪನ್ಯಾಸ ಕೊಡುವ ಗುರುಗಳಿಲ್ಲ. ಸದಸ್ಯರೇ ಮಾತಾಡಬೇಕು, ಸದಸ್ಯರೇ ತಿದ್ದಬೇಕು. ಮೊದಲ ಭಾಷಣ ನಿಮ್ಮ ಬಗ್ಗೆಯೇ, ನಾಲ್ಕರಿಂದ ಆರು ನಿಮಿಷ. ಟೇಬಲ್ ಟಾಪಿಕ್ಸ್ ಅಂತ ಇನ್ನೊಂದು ಉಂಟು: ವಿಷಯ ಅಲ್ಲೇ ಕೊಡ್ತಾರೆ, ಒಂದೆರಡು ನಿಮಿಷ ಮಾತಾಡಬೇಕು. ಟೈಮರ್ ಆದವರು ಹಸಿರು, ಹಳದಿ, ಕೆಂಪು ಕಾರ್ಡ್ ಎತ್ತುತ್ತಾರೆ. (ನಮ್ಮ ಕಡೆ ಸಮಾರಂಭಗಳ ಮುಖ್ಯ ಅತಿಥಿಗೆ ಈ ಕೆಂಪು ಕಾರ್ಡ್ ತೋರಿಸೋ ಧೈರ್ಯ ಯಾರಿಗಿದೆ?) ಮತ್ತೊಬ್ಬರ ಕೆಲಸ ಬರೀ ಎಣಿಸೋದು. ನೀವು ಎಷ್ಟು ಸಲ 'ಆ...', 'ಊಂ...' ಅಂದಿರಿ ಅಂತ.

ಮೊದಲ ಸಲ ಎಣಿಸಿದ ಹಿರಿಯರು ಎದ್ದು ನಿಂತು, "ಇಂಗ್ಲಿಷ್ ಭಾಷಣದಾಗ ಹದಿನೆಂಟು ಸಲ 'ಅಂದ್ರ' ಅಂದ್ರಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಳಿಕ ಚಹಾ ಕುಡಿಯುವಾಗ ಅವರೇ ಹತ್ತಿರ ಬಂದರು. "'ಅಂದ್ರ' ಬರೋ ಜಾಗಾದಾಗ ಬಾಯಿ ಮುಚ್ಚಿ ನಿಲ್ರಿ. ಮಂದಿ ಕಾಯ್ತಾರ."

ನಿಜಕ್ಕೂ ಕಾಯ್ತಾರೆ. ಇಷ್ಟು ಸಣ್ಣ ಮಾತನ್ನು ನಂಬೋಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ವ್ಯಾಕರಣಕ್ಕೆ ಹೆದರಿ ಓಡುತ್ತಿದ್ದ ನಾಲಿಗೆ ಸುಮ್ಮನಿರುವುದನ್ನು ಕಲಿತ ಮೇಲೆ ವ್ಯಾಕರಣವೂ ಎಷ್ಟೋ ಸರಿಹೋಯಿತು. ಎಲ್ಲದಕ್ಕೂ ಬೀಳುವ ಚಪ್ಪಾಳೆ ಮಾತ್ರ ಇನ್ನೂ ಒಗ್ಗಿಲ್ಲ. ಕಳಪೆ ಭಾಷಣಕ್ಕೂ ಅಷ್ಟೇ, ಒಳ್ಳೆಯದಕ್ಕೂ ಅಷ್ಟೇ.

ಈ ವರ್ಷದ ಆಡಿಟ್‌ನಲ್ಲಿ ನನ್ನ ವರದಿ ನಾನೇ ಹೇಳಿದೆ. ಬಡ್ತಿ ಇನ್ನೂ ಬಂದಿಲ್ಲ. ಆದರೆ ಕಸ್ಟಮರ್ ಕಡೆಯವರು ಈಗ ಸಂಶಯ ಬಂದರೆ ನೇರವಾಗಿ ನನಗೇ ಫೋನ್ ಮಾಡ್ತಾರೆ.

ಒಂದು ತಕರಾರು ಮಾತ್ರ ಉಳಿದಿತ್ತು: ಸಭೆ ಪೂರ್ತಿ ಯಾಕೆ ಇಂಗ್ಲಿಷ್‌ನಲ್ಲೇ ಇರಬೇಕು? ಬೆಂಗಳೂರಿನಲ್ಲಿ ಕನ್ನಡದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳೇ ಇವೆ. ಹಟ ಹಿಡಿದು ಕೇಳಿದೆ, ಒಂದು ಭಾನುವಾರ ಟೇಬಲ್ ಟಾಪಿಕ್ಸ್ ಕನ್ನಡದಲ್ಲಿ ನಡೆಯಿತು. ಇಂಗ್ಲಿಷ್‌ನಲ್ಲಿ ನೀರು ಕುಡಿದಂತೆ ಮಾತಾಡುವ ಗೆಳೆಯರೊಬ್ಬರು ಎದ್ದರು. ಎರಡು ನಿಮಿಷದಲ್ಲಿ 'ಬೇಸಿಕಲಿ' ಹನ್ನೊಂದು, 'ಸೋ' ಒಂಬತ್ತು. ಅವತ್ತು ಎಣಿಸುವ ಪಾಳಿ ನನ್ನದಾಗಿತ್ತು.