ನಾಲ್ಕೂವರೆಯ ಧಾರಾವಾಹಿ

ಅಪ್ಪನ ಜೊತೆಗೋ ಅಮ್ಮನ ಜೊತೆಗೋ ದಿನವೂ ಕೂತು ನೋಡಿದ ಧಾರಾವಾಹಿಯ ಕಥೆ ಮರೆತುಹೋಗುತ್ತದೆ; ನೋಡಿದ ಹೊತ್ತು ಮರೆಯುವುದಿಲ್ಲ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ಆ ಹೊತ್ತು ಸಂಜೆಯ ನಾಲ್ಕೂವರೆ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಧಾರಾವಾಹಿ ಅದು. ಮಧ್ಯಾಹ್ನದ ಪಾತ್ರೆ ತೊಳೆದಾಗಿದೆ, ದೀಪ ಹಚ್ಚುವುದಕ್ಕೆ ಇನ್ನೂ ಸಮಯವಿದೆ, ಮಕ್ಕಳು ಆಗ ತಾನೇ ಶಾಲೆಯಿಂದ ಬಂದು ಚೀಲ ಇಟ್ಟಿವೆ. ತಾಯಂದಿರ ದಿನದಲ್ಲಿ ಯಾರ ಪಾಲಿಗೂ ಹೋಗದೆ ಉಳಿಯುತ್ತಿದ್ದ ಅರ್ಧ ಗಂಟೆ ಅದು. ಆ ಅರ್ಧ ಗಂಟೆಯೊಳಕ್ಕೆ ಮಕ್ಕಳಿಗೂ ಪ್ರವೇಶ ಸಿಕ್ಕಿತು.

ಹೀಗೆ ಒಟ್ಟಿಗೆ ನೋಡುವ ರೂಢಿ ಅದಕ್ಕೂ ಹಳೆಯದು. 1980ರ ದಶಕದಲ್ಲಿ ಬೀದಿಗೊಂದು ಟಿವಿ, ಟಿವಿಗೊಂದು ಚಾನೆಲ್. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು ಅಪ್ಪನ ಕೆಲಸ, ಕೆಳಗೆ ಕಿಟಕಿಯಲ್ಲಿ ನಿಂತು “ಬಂತು, ಬಂತು... ಅಯ್ಯೋ ಹೋಯ್ತು” ಎಂದು ಕೂಗುವುದು ಮಕ್ಕಳ ಕೆಲಸ. ಚಿತ್ರ ಮೂಡುವ ಮೊದಲೇ ಇಬ್ಬರೂ ಒಂದು ಕೆಲಸದಲ್ಲಿ ಕೂಡಿಕೊಂಡಿರುತ್ತಿದ್ದರು. 1987ರ ಜನವರಿಯಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಶುರುವಾದ ಮೇಲೆ ಭಾನುವಾರದ ಬೆಳಗು ಮನೆಮಂದಿಯೆಲ್ಲರದ್ದಾಯಿತು. ಹಿಂದಿ ಬಾರದ ಅಜ್ಜಿಗೂ ಕಥೆ ಗೊತ್ತಿತ್ತು. ಹಿಂದಿ ಬರುವ ಮೊಮ್ಮಗನಿಗೆ ಕಥೆ ಗೊತ್ತಿರಲಿಲ್ಲ. ಒಬ್ಬರು ಮಾತು ಬಿಡಿಸಿ ಹೇಳಿದರೆ ಇನ್ನೊಬ್ಬರು ಕಥೆ ಹೇಳಿದರು.

ಅದೇ ಕಾಲದ ‘ಮಾಲ್ಗುಡಿ ಡೇಸ್’ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಅಪ್ಪನಿಗೆ ಹೆದರಿ ಅಜ್ಜಿಯ ಮಗ್ಗುಲಿಗೆ ಹೋಗುವ ಹುಡುಗನನ್ನು, ತಾವು ಹೆದರುವ ಅಪ್ಪನ ಪಕ್ಕದಲ್ಲೇ ಕೂತು ನೋಡುವುದು ಮಕ್ಕಳಿಗೆ ವಿಚಿತ್ರ ಸುಖ. ಸ್ವಾಮಿಯ ಪಾಡು ನೋಡಿ ಅಪ್ಪ ನಕ್ಕರೆ, ಅವರಿಗೂ ಒಂದು ಬಾಲ್ಯವಿತ್ತು ಎಂಬ ಸುದ್ದಿ ಮಗನಿಗೆ ಮೊದಲ ಬಾರಿ ತಲುಪುತ್ತಿತ್ತು. ಶಂಕರ್ ನಾಗ್ 1990ರಲ್ಲಿ, ವೈಶಾಲಿ 2010ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡರು. ಸ್ವಾಮಿಯ ಅಪ್ಪ ಅಮ್ಮ ಇಲ್ಲವೆಂಬ ಸುದ್ದಿ ಬಂದಾಗ ಅನೇಕರಿಗೆ ನೆನಪಾದದ್ದು ಆ ಕಲಾವಿದರೊಂದಿಗೆ ತಮ್ಮದೇ ಮನೆಯ ಹಳೆಯ ಹಜಾರ.

ಧಾರಾವಾಹಿ ಹೆತ್ತವರನ್ನೂ ಮಕ್ಕಳನ್ನೂ ಹತ್ತಿರ ತರುವ ಬಗೆ ಸರಳವಾದದ್ದು. ಕನ್ನಡದ ಮನೆಗಳಲ್ಲಿ ಅಪ್ಪ ಮಗ ಎದುರುಬದುರು ಕೂತು ಮನಸ್ಸು ಬಿಚ್ಚುವುದು ಅಪರೂಪ. ಊಟವಾಯ್ತಾ, ಫೀಸು ಕಟ್ಟಿದೆಯಾ, ಬಸ್ಸು ಎಷ್ಟೊತ್ತಿಗೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಟಿವಿಯ ಮುಂದೆ ಇಬ್ಬರ ಮುಖವೂ ಒಂದೇ ಕಡೆಗೆ; ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಮಾತಾಡುವುದಕ್ಕೆ ಮೂರನೆಯವರ ಸಂಸಾರವೊಂದು ಸಿಕ್ಕಿರುತ್ತದೆ. “ಅವಳು ಆ ಮನೆ ಬಿಟ್ಟು ಬಂದದ್ದೇ ಸರಿ ಕಣೇ” ಎಂದು ಪಾತ್ರವೊಂದರ ಬಗ್ಗೆ ತಾಯಿ ಹೇಳಿದಾಗ, ಮದುವೆಯಾಗಲಿರುವ ಮಗಳಿಗೆ ಅದು ಬೇರೆಯದೇ ಆಗಿ ಕೇಳಿಸುತ್ತದೆ. ತನ್ನ ಕಷ್ಟಕ್ಕೂ ಈ ಮನೆಯ ಬಾಗಿಲು ತೆರೆದಿದೆ ಎಂದು ತಿಳಿಯುತ್ತದೆ. ಇಂಥ ಮಾತನ್ನು ತಾಯಿ ನೇರವಾಗಿ ಹೇಳಿಯಾಳೆಂದು ಮಗಳೂ ನಿರೀಕ್ಷಿಸುವುದಿಲ್ಲ.

ಸೀತಾರಾಮ್ ಅವರ ಧಾರಾವಾಹಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಅವುಗಳಲ್ಲಿ ನ್ಯಾಯಾಲಯವಿತ್ತು, ವಾದ ಪ್ರತಿವಾದವಿತ್ತು, ಎರಡೂ ಕಡೆಗೆ ನ್ಯಾಯವಿರುವ ಜಗಳಗಳಿದ್ದವು. ಈಟಿವಿ ಕನ್ನಡ 2000ದ ಕೊನೆಗೆ ಶುರುವಾಗಿ ‘ಮನ್ವಂತರ’, ‘ಮುಕ್ತ’ ರಾತ್ರಿಯ ಹೊತ್ತಿಗೆ ಬರತೊಡಗಿದ ಮೇಲೆ, ನಾಲ್ಕೂವರೆಗೆ ಕಚೇರಿಯಲ್ಲಿರುತ್ತಿದ್ದ ಅಪ್ಪಂದಿರೂ ಸೇರಿಕೊಂಡರು. ‘ಮುಕ್ತ’ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದ ಶೀರ್ಷಿಕೆಗೀತೆ ಕೇಳಿಸಿದ ಕೂಡಲೇ ಒಳಮನೆಯಿಂದ ತಟ್ಟೆ ಹಿಡಿದುಕೊಂಡೇ ಬಂದು ಕೂರುವವರಿದ್ದರು. ಎರಡು ಕಂತುಗಳ ನಡುವಿನ ಇಪ್ಪತ್ತಮೂರೂವರೆ ಗಂಟೆಯೂ ಅಷ್ಟೇ ಮುಖ್ಯ. ನಾಳೆ ಏನಾದೀತು ಎಂಬ ಊಹೆಯನ್ನು ಇಬ್ಬರೂ ಒಂದು ದಿನ ಹೊತ್ತು ತಿರುಗುತ್ತಿದ್ದರು. ಕಂತುಗಳನ್ನೆಲ್ಲ ಒಂದೇ ರಾತ್ರಿ ನೋಡಿ ಮುಗಿಸಬಹುದಾದ ಈಗಿನ ಅನುಕೂಲದಲ್ಲಿ ಕಳೆದುಹೋದದ್ದು ಈ ಒಂದು ದಿನವೇ. ಅದು ದೊಡ್ಡ ನಷ್ಟ.

ಹೆತ್ತವರು ಕಾಯಿಲೆ ಬಿದ್ದಾಗ ಧಾರಾವಾಹಿಯ ಕೆಲಸ ಬದಲಾಗುತ್ತದೆ. ದಿನವೆಲ್ಲ ಮಾತ್ರೆ, ರಕ್ತಪರೀಕ್ಷೆ, ಬಂದುಹೋಗುವ ನೆಂಟರು ಹೇಳುವ ಧೈರ್ಯ. ಇದ್ಯಾವುದರ ಸುದ್ದಿಯೂ ಇಲ್ಲದ ಹೊತ್ತು ಅದೊಂದೇ. ಆಸ್ಪತ್ರೆಯ ವಾರ್ಡಿನಲ್ಲಿ ಮಗಳು ಮೊಬೈಲನ್ನು ದಿಂಬಿಗೆ ಒರಗಿಸಿ ಹಳೆಯ ಕಂತು ಹಾಕುತ್ತಾಳೆ. ಇಯರ್‌ಫೋನಿನ ಒಂದು ತುದಿ ಅಮ್ಮನ ಕಿವಿಗೆ, ಇನ್ನೊಂದು ಇವಳ ಕಿವಿಗೆ. ಹೊಸದಕ್ಕಿಂತ ಹಳೆಯದೇ ಹಿತ. ಮುಂದೇನಾಗುತ್ತದೆ ಎಂದು ಗೊತ್ತಿರುವ ಕಥೆಯಲ್ಲಿ ಹೆದರುವುದಕ್ಕೇನೂ ಇರುವುದಿಲ್ಲ, ನಡುವೆ ಜೊಂಪು ಹತ್ತಿದರೂ ಏನೂ ತಪ್ಪುವುದಿಲ್ಲ. ಈಗಲೂ ನಡೆಯುತ್ತಿರುವ ಧಾರಾವಾಹಿಯಾದರೆ ಮಗಳು ನೋಡಿ ಬಂದು ಹೇಳಬೇಕು. ಒಂದು ಕಾಲಕ್ಕೆ ಅನ್ನ ಕಲಸಿಕೊಡುತ್ತಾ ಅಮ್ಮ ಕಥೆ ಹೇಳಿದ್ದಳು. ಈಗ ಗಂಜಿ ಕುಡಿಸುತ್ತಾ ಹೇಳುವ ಸರದಿ ಮಗಳದು. “ಆಮೇಲೆ?” ಎಂದು ಕೇಳುವಷ್ಟು ದಿನ ಮನೆಯವರಿಗೆ ಭರವಸೆ ಇರುತ್ತದೆ. ಕೇಳುವುದು ನಿಂತ ದಿನ, ವೈದ್ಯರು ಹೇಳುವ ಮೊದಲೇ, ಅವರಿಗೆ ತಿಳಿದುಬಿಡುತ್ತದೆ.

ಸಾವಿನ ಮನೆಯಲ್ಲಿ ಟಿವಿ ಹಾಕುವುದಿಲ್ಲ. ಅದರ ಮೇಲೆ ಒಂದು ಪಂಚೆ ಹೊದಿಸುವುದೂ ಉಂಟು. ಸೂತಕ ಕಳೆದು ಹದಿಮೂರನೆಯ ದಿನ ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟು, ಬಾಡಿಗೆಗೆ ತಂದ ಕುರ್ಚಿಗಳು ವಾಪಸು ಹೋದ ಮೇಲೆ ಮನೆ ಥಟ್ಟನೆ ದೊಡ್ಡದಾಗುತ್ತದೆ. ಆ ಸಂಜೆ ರಿಮೋಟ್ ಯಾರು ಮುಟ್ಟಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಮುಟ್ಟಿದವರಿಗೆ ತಪ್ಪು ಮಾಡಿದಂತೆ, ಮುಟ್ಟದವರಿಗೆ ಮನೆಯ ಮೌನವನ್ನು ಇನ್ನೊಂದು ದಿನ ತಡೆಯಲಾಗದಂತೆ. ಅಷ್ಟರಲ್ಲಿ ಧಾರಾವಾಹಿ ಹತ್ತು ಕಂತು ಮುಂದೆ ಹೋಗಿರುತ್ತದೆ. ಪರದೆಯ ಮೇಲಿನ ಮನೆಯಲ್ಲಿ ನಿಶ್ಚಿತಾರ್ಥವಾಗಿದೆ, ಹೊಸ ಪಾತ್ರವೊಂದು ಬಂದಿದೆ. ಹೋದವರಿಗೆ ಇದು ಗೊತ್ತಿಲ್ಲವಲ್ಲ ಎಂಬ ಯೋಚನೆ ಬರುವುದು ಆಗ. ಅವರು ಇನ್ನು ಏನನ್ನೂ ನೋಡುವುದಿಲ್ಲ ಎಂಬ ದೊಡ್ಡ ಸತ್ಯ ಚಿತೆಯ ಮುಂದೆ ತಲೆಗೆ ಹೋಗಿರುವುದಿಲ್ಲ. ಒಂದು ನಿಶ್ಚಿತಾರ್ಥ ನೋಡಲಿಲ್ಲ ಎಂಬುದರಿಂದ ಅದು ಎದೆಗೆ ಇಳಿಯುತ್ತದೆ.

ಕೆಲವರು ಆ ಧಾರಾವಾಹಿಯನ್ನು ಬಿಟ್ಟುಬಿಡುತ್ತಾರೆ. ಪಕ್ಕದ ಮನೆಯಿಂದ ಶೀರ್ಷಿಕೆಗೀತೆ ಕೇಳಿಸಿದರೂ ಎದ್ದುಹೋಗುತ್ತಾರೆ. ಕೆಲವರು ಒಂದು ಕಂತೂ ಬಿಡದೆ ನೋಡುತ್ತಾರೆ. ಎರಡನೆಯವರಿಗೆ ದುಃಖ ನೀಗಿಲ್ಲ ಎಂದು ಹೇಳುವ ಅಭಿಪ್ರಾಯ ಹಿಂದೆ ಬಲವಾಗಿತ್ತು. ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹೋದವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದಿದ್ದ. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಪುಸ್ತಕ ಅದಕ್ಕೆ ಎದುರಾಗಿ, ಸತ್ತವರೊಂದಿಗಿನ ನಂಟು ರೂಪ ಬದಲಿಸಿ ಮುಂದುವರಿಯುತ್ತದೆ, ಅದು ರೋಗವಲ್ಲ ಎಂದು ವಾದಿಸಿತು. ಪಿತೃಪಕ್ಷದಲ್ಲಿ ಎಡೆ ಇಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಲೆಯ ಮೇಲೆ ಹೋದವರಿಗೆ ಇಷ್ಟವಾಗಿದ್ದ ಕೋಡುಬಳೆ, ಎಲೆಅಡಿಕೆ, ಕೆಲವೆಡೆ ಬೀಡಿಯೂ ಇರುತ್ತದೆ. ಧಾರಾವಾಹಿಯನ್ನು ಎಲೆಯ ಮೇಲೆ ಬಡಿಸಲಾಗದು. ಅವರ ಕುರ್ಚಿಯನ್ನು ಖಾಲಿ ಬಿಟ್ಟು, ಅವರ ಹೊತ್ತಿಗೆ ಸರಿಯಾಗಿ ಕೂತು ನೋಡಬಹುದು, ಅದೂ ಎಡೆಯೇ.

ಧಾರಾವಾಹಿಗಳಿಗೂ ಅಕಾಲ ಮರಣವುಂಟು. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಆರಂಭವಾಗಿ, 2020ರ ಕೊರೋನಾ ದಿನಗಳಲ್ಲಿ ಕಥೆ ದಡ ಮುಟ್ಟುವ ಮೊದಲೇ ನಿಂತಿತು. ಅದೇ ದಿನಗಳಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ, ಮುಖ ನೋಡಲೂ ಆಗದೆ ಕಳಿಸಿಕೊಟ್ಟವರಿಗೆ, ಮುಗಿಯದ ಕಥೆ ಮನೆಯೊಳಗೂ ಇತ್ತು, ಪರದೆಯ ಮೇಲೂ ಇತ್ತು.

2022ರ ಅಕ್ಟೋಬರ್ ಕೊನೆಗೆ ‘ಮತ್ತೆ ಮಾಯಾಮೃಗ’ ಸಿರಿ ಕನ್ನಡ ವಾಹಿನಿಯಲ್ಲಿ ಶುರುವಾಯಿತು. ಮೊದಲಿನ ಕಲಾವಿದರಲ್ಲಿ ಕೆಲವರು, ಕೂದಲು ನರೆತು, ಅದೇ ಪಾತ್ರಗಳಾಗಿ ಮರಳಿದರು. ಎರಡರ ನಡುವೆ 24 ವರ್ಷ. ಮೊದಲ ‘ಮಾಯಾಮೃಗ’ವನ್ನು ಹತ್ತರ ಪ್ರಾಯದಲ್ಲಿ ಅಮ್ಮನ ಜೊತೆ ನೋಡಿದ್ದವಳಿಗೆ ಆ ಹೊತ್ತಿಗೆ ಮೂವತ್ತನಾಲ್ಕು, ಹೆಚ್ಚುಕಡಿಮೆ ಮೊದಲ ಸಲ ನೋಡುವಾಗ ಅಮ್ಮನಿಗೆ ಇದ್ದ ವಯಸ್ಸು. ಅಂಥ ಮನೆಗಳಲ್ಲಿ ಅವಳ ಪಕ್ಕಕ್ಕೆ, ಅಜ್ಜಿಯನ್ನು ನೋಡಿಯೇ ಇಲ್ಲದ ಮಗುವೊಂದು ಬಂದು ಕೂತು ಪರದೆಯತ್ತ ಬೆರಳು ತೋರಿಸಿ, “ಇವ್ರು ಯಾರಮ್ಮಾ?” ಎನ್ನುತ್ತದೆ.

“ಇವ್ರಾ? ಇವ್ರನ್ನ ಕಂಡ್ರೆ ನಿಮ್ಮಜ್ಜಿಗೆ ಆಗ್ತಾನೇ ಇರ್ಲಿಲ್ಲ.”