ಕ್ಯಾಬಿನೆಟ್ಟಿಗೊಂದು ಬಟನ್

ಅಂಗಡಿಯವರು ಕ್ಯಾಬಿನೆಟ್ ಎಂದೂ ಮನೆಮಂದಿ ಸಿಪಿಯು ಎಂದೂ ಕರೆಯುವ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯನ್ನು ಕೊರೆದು, ಕತ್ತರಿಸಿ, ಬಣ್ಣ ಬಳಿದು ತಮ್ಮ ರುಚಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಕೈಕೆಲಸಕ್ಕೆ ಹವ್ಯಾಸಿಗಳು ಮಾಡಿಂಗ್ ಎನ್ನುತ್ತಾರೆ. ಈ ಬಳಗದಲ್ಲಿ ಬಣ್ಣದ ದೀಪ ಮತ್ತು ಗಾಜಿನ ಬಾಗಿಲುಗಳ ಮಾತೇ ಹೆಚ್ಚಾದರೂ, ಬೆರಳು ದಿನವೂ ಮುಟ್ಟುವುದು ಪವರ್ ಬಟನ್ನನ್ನು ಮಾತ್ರ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಅದು ತೆಳು ಪ್ಲಾಸ್ಟಿಕ್ಕಿನದಾಗಿದ್ದು ಒತ್ತಿದ ಕೂಡಲೇ ಅಲುಗಾಡುತ್ತದೆ. ಅದನ್ನು ತೆಗೆದು, ಬಿಗಿಯಾದ ಸ್ಪ್ರಿಂಗ್ ಇರುವ, ಒತ್ತಿದಾಗ ಟಕ್ಕೆಂದು ಬೆರಳಿಗೂ ಕಿವಿಗೂ ಒಟ್ಟಿಗೇ ತಿಳಿಯುವ ಬಟನ್ನೊಂದನ್ನು ಕೂರಿಸಿದರೆ ಹಳೆಯ ಯಂತ್ರಕ್ಕೂ ಗಾಂಭೀರ್ಯ ಬರುತ್ತದೆ. ಆದ್ದರಿಂದ ಈ ಕಸುಬಿನ ನಿಜವಾದ ಸುಖ ದೀಪಗಳಲ್ಲಲ್ಲ, ಬಟನ್ನಿನಲ್ಲಿದೆ ಎನ್ನಬೇಕು.

ರಾಯಚೂರಿನಲ್ಲಿ ಇಂಥ ಬಟನ್ನನ್ನು ಅರಸುವವರು ಮೊದಲು ಕಂಪ್ಯೂಟರ್ ಅಂಗಡಿಗೆ ಹೋಗುವುದು ಸಹಜ. ಆದರೆ ಅಲ್ಲಿ ಇಡೀ ಕ್ಯಾಬಿನೆಟ್ ಸಿಗುತ್ತದೆಯೇ ಹೊರತು ಬಿಡಿ ಬಟನ್ ಸಿಗುವುದು ಅಪರೂಪ. ಹೋಗಬೇಕಾದದ್ದು ಮೋಟಾರು ಮತ್ತು ಪಂಪ್‌ಸೆಟ್ಟುಗಳ ಸಾಮಾನು ಮಾರುವ ಎಲೆಕ್ಟ್ರಿಕಲ್ ಅಂಗಡಿಗೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆಗೂ ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಕಡೆಗೂ ಹರಿಯುತ್ತದೆ. ಭತ್ತ ಬೆಳೆದಲ್ಲಿ ರೈಸ್ ಮಿಲ್ಲು, ಹತ್ತಿ ಬೆಳೆದಲ್ಲಿ ಜಿನ್ನಿಂಗ್ ಕಾರ್ಖಾನೆ, ಅವೆರಡಕ್ಕೂ ಮೋಟಾರು, ಮೋಟಾರಿಗೆ ಸ್ಟಾರ್ಟರು, ಸ್ಟಾರ್ಟರಿಗೆ ಹಸಿರು ಮತ್ತು ಕೆಂಪು ಬಟನ್ನುಗಳು. ದೂಳು, ಬಿಸಿಲು ಮತ್ತು ಒರಟು ಕೈಗಳನ್ನು ತಾಳಿಕೊಳ್ಳಲೆಂದೇ ತಯಾರಾದ ಈ ಬಟನ್ನುಗಳು ಕಂಪ್ಯೂಟರಿಗೆಂದು ಮಾರುವ ಎಷ್ಟೋ ಅಲಂಕಾರಿಕ ಬಟನ್ನುಗಳಿಗಿಂತ ಗಟ್ಟಿಯಾಗಿರುತ್ತವೆ.

ಪ್ಯಾನಲ್ ಬೋರ್ಡಿಗೆ ಹಾಕುವ ಪುಶ್ ಬಟನ್ನಿನ ಸಾಮಾನ್ಯ ಅಳತೆ 22 ಮಿ.ಮೀ. ಅದರಲ್ಲಿ ಎರಡು ಭಾಗಗಳಿರುತ್ತವೆ: ಮುಂದೆ ಬೆರಳು ಒತ್ತುವ ತಲೆ, ಹಿಂದೆ ತಂತಿಗಳನ್ನು ಕಟ್ಟುವ ಕಾಂಟ್ಯಾಕ್ಟ್ ತುಂಡು. ಒತ್ತಿದಾಗ ಕೂಡಿಕೊಳ್ಳುವ ತುಂಡಿಗೆ ಎನ್‌ಒ ಎಂದೂ ಒತ್ತಿದಾಗ ಬೇರ್ಪಡುವ ತುಂಡಿಗೆ ಎನ್‌ಸಿ ಎಂದೂ ಹೆಸರು. ಕಂಪ್ಯೂಟರಿಗೆ ಬೇಕಾದದ್ದು ಎನ್‌ಒ, ಆದ್ದರಿಂದ ಮೋಟಾರು ನಿಲ್ಲಿಸುವ ಕೆಂಪು ಬಟನ್ ನೋಡಲು ಎಷ್ಟೇ ಚೆಂದವಿದ್ದರೂ ಅದರ ತುಂಡನ್ನು ಬದಲಿಸದೆ ಬಳಸುವಂತಿಲ್ಲ. ಇನ್ನೊಂದು ಎಚ್ಚರವೂ ಅಗತ್ಯ. ಬೆರಳು ತೆಗೆದೊಡನೆ ಹಿಂದಕ್ಕೆ ಬರುವ ಬಟನ್ನೇ ಆಗಬೇಕು; ಒತ್ತಿದಲ್ಲೇ ನಿಲ್ಲುವ ಬಗೆಯದನ್ನು ಹಾಕಿದರೆ, ಬಟನ್ ಸುಮಾರು 4 ಸೆಕೆಂಡು ಒತ್ತಿದಂತೆಯೇ ಇದ್ದರೆ ಬಲವಂತವಾಗಿ ಆರಿಸಬೇಕೆಂದು ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡ್ ತಿಳಿಯುವುದರಿಂದ, ಯಂತ್ರ ಹೊತ್ತಿಕೊಂಡ ಬೆನ್ನಿಗೇ ಆರಿಹೋಗುತ್ತದೆ.

ಪೇಟೆಯ ಯಾವುದೇ ಬಟನ್ನನ್ನು ಹೀಗೆ ಧೈರ್ಯವಾಗಿ ಕೂರಿಸಲು ಸಾಧ್ಯವಾದದ್ದು 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ವಿನ್ಯಾಸವನ್ನು ತಂದ ಮೇಲೆ. ಅದಕ್ಕೂ ಹಿಂದಿನ ಎಟಿ ಕ್ಯಾಬಿನೆಟ್ಟುಗಳಲ್ಲಿ 230 ವೋಲ್ಟಿನ ತಂತಿಯೇ ಮುಂಭಾಗದ ಸ್ವಿಚ್ಚಿಗೆ ಬರುತ್ತಿತ್ತು. ಗುಜರಿಯಲ್ಲಿ ಅಂಥ ಪೆಟ್ಟಿಗೆ ಸಿಕ್ಕವರು ಅದರ ಸ್ವಿಚ್ಚನ್ನು ಸಣ್ಣ ಬಟನ್ನಿನಿಂದ ಬದಲಿಸಬಾರದು. ಎಟಿಎಕ್ಸ್‌ನಲ್ಲಿ ಬಟನ್ನಿನ ಮೂಲಕ ಹರಿಯುವುದು 5 ವೋಲ್ಟನ್ನು ಮೀರದ, ಅತ್ಯಲ್ಪ ಕರೆಂಟು. ಈ ಅಲ್ಪತನದಿಂದಲೇ ಸೂಕ್ಷ್ಮವಾದೊಂದು ತೊಡಕು ಹುಟ್ಟುತ್ತದೆ. ಮೋಟಾರಿನ ಬಟನ್ನುಗಳ ಕಾಂಟ್ಯಾಕ್ಟ್ ಬೆಳ್ಳಿಯದಾಗಿದ್ದು, ಗಾಳಿಯಲ್ಲಿನ ಗಂಧಕದಿಂದ ಅದರ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. 230 ವೋಲ್ಟಿನ ಕಿಡಿ ಆ ಪೊರೆಯನ್ನು ಪ್ರತಿ ಸಲವೂ ಸುಟ್ಟುಹಾಕುತ್ತದೆ, ಆದರೆ 5 ವೋಲ್ಟಿಗೆ ಆ ಶಕ್ತಿ ಇರುವುದಿಲ್ಲ, ಹೀಗಾಗಿ ಕೆಲವೊಮ್ಮೆ ಎರಡು ಸಲ ಒತ್ತಬೇಕಾಗುತ್ತದೆ. ಚಿನ್ನದ ಲೇಪವುಳ್ಳ ಕಾಂಟ್ಯಾಕ್ಟ್ ಇದಕ್ಕೆ ಪರಿಹಾರ. ಅದು ದೊರೆಯದಿದ್ದಲ್ಲಿ ಒಂದೇ ತಲೆಯ ಹಿಂದೆ ಎರಡು ಎನ್‌ಒ ತುಂಡುಗಳನ್ನು ಸಿಕ್ಕಿಸಿ ಸಮಾಂತರವಾಗಿ ತಂತಿ ಕಟ್ಟುವುದು, ಅಂದರೆ ಒಂದು ಕೈಕೊಟ್ಟರೂ ಇನ್ನೊಂದು ಕೂಡಿಕೊಳ್ಳುವಂತೆ ಮಾಡುವುದು, ಕಡಿಮೆ ಖರ್ಚಿನ ಮತ್ತು ಬಹಳ ಸೊಗಸಾದ ಉಪಾಯ.

ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಪಟ್ಟಣಗಳಲ್ಲಿ ಇನ್ನೂ ಸರಳವಾದ ದಾರಿಗಳಿವೆ. ಮನೆಯ ಬಾಗಿಲಿನ ಬೆಲ್ ಸ್ವಿಚ್ ಕೂಡ ಒತ್ತಿದಷ್ಟು ಹೊತ್ತು ಮಾತ್ರ ಕೂಡುವ ಎನ್‌ಒ ಬಟನ್ನೇ. ಬೈಕು ಮತ್ತು ಟ್ರ್ಯಾಕ್ಟರುಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಹಾರ್ನ್ ಬಟನ್, ಸೆಲ್ಫ್ ಸ್ಟಾರ್ಟ್ ಬಟನ್ನುಗಳೂ ಅದೇ ಜಾತಿಯವು. ಕಪ್ಪು ಬಣ್ಣದ ಕ್ಯಾಬಿನೆಟ್ಟಿಗೆ ಟ್ರ್ಯಾಕ್ಟರಿನ ಬಟನ್ ಕೊಡುವ ಒರಟು ಚೆಲುವನ್ನು ಬೇರೆ ಯಾವುದೂ ಕೊಡಲಾರದು. ಬಟನ್ನಿಗಾಗಿ ಕ್ಯಾಬಿನೆಟ್ಟಿನ ತಗಡನ್ನು ಕೊರೆಯುವ ಮುನ್ನ ಮದರ್‌ಬೋರ್ಡನ್ನು ಹೊರತೆಗೆಯುವುದು ಕಡ್ಡಾಯ, ಏಕೆಂದರೆ ಒಳಗೆ ಉಳಿದ ಕಬ್ಬಿಣದ ಚೂರೊಂದು ಶಾರ್ಟ್ ಮಾಡಲು ಸಾಕು. ತಗಡಿನ ಹಿಂದೆ ಮರದ ತುಂಡು ಒತ್ತಿಟ್ಟು, ಸಣ್ಣ ತೂತಿನಿಂದ ಆರಂಭಿಸಿ, ಮೆಟ್ಟಿಲುಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್ಟಿನಿಂದ ಹಿಗ್ಗಿಸಿ, ಅಂಚನ್ನು ಗುಂಡನೆಯ ಅರದಿಂದ ಉಜ್ಜುತ್ತ ಬಂದರೆ ಬಟನ್ ಬಿಗಿಯಾಗಿ ಕೂರುವ ಗಳಿಗೆ ಒದಗುತ್ತದೆ. ಈ ಹವ್ಯಾಸದಲ್ಲಿ ಅದಕ್ಕಿಂತ ಹಿತವಾದ ಗಳಿಗೆ ಇಲ್ಲ.

ಸುತ್ತ ಬೆಳಕಿನ ಉಂಗುರವಿರುವ, 16 ಅಥವಾ 19 ಮಿ.ಮೀ. ಅಳತೆಯ ಸ್ಟೀಲ್ ಬಟನ್ನೇ ಬೇಕೆನ್ನುವವರು ಊರು ದಾಟಬೇಕು. ಬೆಂಗಳೂರಿನ ಎಸ್‌ಪಿ ರಸ್ತೆ ಪ್ರಸಿದ್ಧವೇ ಸರಿ, ಆದರೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯೇ ಹತ್ತಿರ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಅದು ಹೆಸರಾದ ಪೇಟೆ. ಅಲ್ಲಿ ಕೊಳ್ಳುವಾಗ ಉಂಗುರದ ವೋಲ್ಟೇಜನ್ನು ಕೇಳಿಯೇ ಕೊಳ್ಳಬೇಕು. 230 ವೋಲ್ಟಿನದು ಕಂಪ್ಯೂಟರಿನೊಳಗೆ ನಿರುಪಯೋಗಿ, 24 ವೋಲ್ಟಿನದು ಮಂಕು. 12 ವೋಲ್ಟಿನದಾದರೆ ಮದರ್‌ಬೋರ್ಡಿನ ಎಲ್‌ಇಡಿ ಪಿನ್ನುಗಳನ್ನು ಬಿಟ್ಟು, ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ತಂತಿಯ ದೊಡ್ಡ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳಿಗೆ ಸೇರಿಸಿದರೆ ಯಂತ್ರ ಚಾಲೂ ಇರುವಷ್ಟು ಹೊತ್ತೂ ಪೂರ್ಣ ಬೆಳಕು ಕೊಡುತ್ತದೆ.