ಹಳೆಯ ಸೈಕಲ್ಲು, ಹೈಸ್ಕೂಲಿನ ದಾರಿ

ಎಷ್ಟೋ ಊರುಗಳಲ್ಲಿ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ದೂರವಿದ್ದರೆ ಕೆಲವು ಹೆಣ್ಣುಮಕ್ಕಳ ಓದೂ ಅಲ್ಲಿಗೇ ಮುಗಿಯುತ್ತದೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಗೆ ಉಚಿತ ಸೈಕಲ್ ಯೋಜನೆ ತಂದದ್ದು ಅದಕ್ಕಾಗಿಯೇ. ಅದು ಸಿಗದ ಮನೆಗೆ ಹಳೆಯ ಸೈಕಲ್ಲೇ ಗತಿ.

ಅಂಗಡಿಯಲ್ಲಿ ಮಗಳ ಕಣ್ಣು ಬಣ್ಣದ ಮೇಲೆ, ಅಪ್ಪನ ಕಣ್ಣು ಬೆಲೆಯ ಮೇಲೆ. ನೋಡಬೇಕಾದದ್ದು ಮಾತ್ರ ಫ್ರೇಮು, ಫೋರ್ಕು. ಟಯರು, ಚೈನು ಬದಲಿಸಬಹುದು. ಬಿರುಕುಬಿಟ್ಟ ಫ್ರೇಮನ್ನು ನಂಬುವಂತಿಲ್ಲ. “ಹೇಗೂ ಬೆಳೀತಾಳಲ್ಲ” ಎಂದು ದೊಡ್ಡದನ್ನು ಕೊಂಡರೆ ಬೀಳುವವಳು ಇಂದಿನ ಹುಡುಗಿ. ಸೀಟಿನಲ್ಲಿ ಕೂತಾಗ ಕಾಲಿನ ತುದಿ ನೆಲಕ್ಕೆ ತಾಗಬೇಕು. ಫ್ರೇಮ್ ನಂಬರ್ ಬರೆಸಿದ ರಸೀದಿ ಕೇಳಬೇಕು; ಕದ್ದ ಮಾಲು ಎಷ್ಟು ಅಗ್ಗವಾದರೂ ಬೇಡ.

ಉಳಿದ ದುಡ್ಡಿಗೆ ಹೊಸ ಬ್ರೇಕ್ ರಬ್ಬರು, ಒಂದು ಬೆಲ್ಲು. ಸಂಜೆ ಬೀದಿಯ ತಿರುವಿನಲ್ಲಿ ಆ ಬೆಲ್ಲು ಕೇಳಿದರೆ ಅಮ್ಮನ ಜೀವ ಸಮಾಧಾನ.